ಬಸ್ಸಿನ ಮುಂದೆ ಓಡಿದವನು

ಟೈಮಣ್ಣ ತೀರಿಕೊಂಡ. ಗುರುವಾರ ಬೆಳಿಗ್ಗೆ, ಒಂಬತ್ತೂಕಾಲಿಗೆ ಸ್ವಲ್ಪ ಮುಂಚೆ, ಬಸ್ ಡಿಪೋದಲ್ಲಿ, ಕಳೆದ ವಸ್ತುಗಳ ಕೋಣೆಯ ಮುಂದಿನ ಬೆಂಚಿನ ಮೇಲೆ. ಅರವತ್ತೆರಡು ವರ್ಷವಾಗಿತ್ತು. ಮನೆಯಲ್ಲಿ ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರೂ ನಿಲ್ಲಬಹುದಾಗಿದ್ದ ಹೃದಯ ಅದು ಎಂದು ಡಾಕ್ಟರು ಹೇಳಿದರು. ಎರಡು ಸಲ ಹೇಳಿದರು, ಎರಡನೆಯ ಸಲ ಮರಿಯ ಮುಖ ನೋಡಿಕೊಂಡು.

ಮರಿ ಎಂದರೆ ಚಿಕ್ಕ ಹುಡುಗನಲ್ಲ. ನಲವತ್ತೇಳು ದಾಟಿದವನು, ಕಿವಿಯ ಮೇಲೆಲ್ಲ ನರೆ. ಇಪ್ಪತ್ತು ವರ್ಷದ ಹಿಂದೆ ಟೈಮಣ್ಣನ ಹಿಂದೆ ನಿಂತು ಹದಿನಾಲ್ಕನೇ ನಂಬರಿನ ಬಸ್ಸಿನ ದಾರಿ ಕಲಿತವನು. ಆಗ ಅಂಟಿದ ಹೆಸರು ಆಮೇಲೆ ಬಿಡಲಿಲ್ಲ. ಈಗ ಅದೇ ಹದಿನಾಲ್ಕನ್ನು ಅವನೇ ಓಡಿಸುತ್ತಾನೆ. ಆಸ್ಪತ್ರೆಯಿಂದ ಟೈಮಣ್ಣನ ಮನೆಗೆ ಹೋಗಿ ಸುದ್ದಿ ಹೇಳಿದವನೂ ಅವನೇ. ಟೈಮಣ್ಣನ ಹೆಂಡತಿ, ಮರಿಯ ಬಾಯಲ್ಲಿ ಅತ್ತಿಗೆ, ಬಾಗಿಲಲ್ಲೇ ಗೋಡೆ ಹಿಡಿದು ನಿಂತರು. ಒಂದೇ ಒಂದು ಪ್ರಶ್ನೆ ಕೇಳಿದರು.

"ಓಡಿ ಮುಗಿಸಿದ್ರಾ?"

"ಮುಗಿಸಿದ್ರು ಅತ್ತಿಗೆ."

"ಹಾಗಾದ್ರೆ ಸರಿ," ಎಂದು ಅವರು ಒಳಗೆ ಹೋಗಿ ಒಲೆ ಆರಿಸಿದರು. ಒಲೆಯ ಮೇಲೆ ಟೈಮಣ್ಣನ ಸ್ನಾನಕ್ಕೆ ಇಟ್ಟ ನೀರು ಕುದಿಯುತ್ತಿತ್ತು.

ಟೈಮಣ್ಣ ಮೂವತ್ಮೂರು ವರ್ಷ ಬಸ್ಸು ಓಡಿಸಿದ. ಆ ಹೆಸರು ಅವನಿಗೆ ಬಂದದ್ದು ಅವನು ತಡ ಮಾಡದಿದ್ದುದಕ್ಕಲ್ಲ. ತಡ ಮಾಡದ ಡ್ರೈವರುಗಳು ಡಿಪೋದಲ್ಲಿ ಇನ್ನೂ ನಾಲ್ಕಾರು ಮಂದಿ ಇದ್ದರು. ಅವನು ಯಾವತ್ತೂ ಮುಂಚೆ ಹೋದವನಲ್ಲ, ಅದಕ್ಕೆ. ಸ್ಟಾಪಿನಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ, ಸುರಿಯುವ ಮಳೆಯಲ್ಲಿ ಬಾಗಿಲು ತೆರೆದು, ಹೊರಡುವ ನಿಮಿಷಕ್ಕಾಗಿ ಕಾಯುತ್ತ ಕೂರುವನು. ಬಸ್ಸಿನೊಳಗಿದ್ದವರು ಗೊಣಗುವರು. "ಯಾರೂ ಬರಲ್ಲ, ಹೊರಡಿಯಪ್ಪಾ." "ಬರ್ತಾರೆ," ಎನ್ನುವನು ಟೈಮಣ್ಣ. "ಟೈಮು ನೋಡಿಕೊಂಡು ಮನೆ ಬಿಟ್ಟಿರ್ತಾರೆ."

ಇದಕ್ಕೊಂದು ಕಾರಣವಿತ್ತು. ಅದನ್ನು ಅವನು ಮರಿಗೆ ಮಾತ್ರ ಹೇಳಿದ್ದ, ಅದೂ ಒಮ್ಮೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮನೆಗೆ ಬೇಗ ಹೋಗುವ ಆಸೆಗೆ ಒಂದು ಸ್ಟಾಪಿನಿಂದ ಒಂದು ನಿಮಿಷ ಮುಂಚೆ ಬಸ್ಸು ತೆಗೆದಿದ್ದ. ಕನ್ನಡಿಯಲ್ಲಿ ಒಬ್ಬ ಮನುಷ್ಯ ಓಡಿಬರುತ್ತಿದ್ದ. ಕಂಕುಳಲ್ಲಿ ಚೀಲ, ಒಂದು ಕಾಲಿನಿಂದ ಕಳಚಿದ ಶೂ ಕೈಯಲ್ಲಿ. ಟೈಮಣ್ಣ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ತಿರುವಿನವರೆಗೂ ಆ ಮನುಷ್ಯ ಕನ್ನಡಿಯೊಳಗೆ ಓಡುತ್ತಲೇ ಇದ್ದ. "ಅವನು ಎಲ್ಲಿಗೆ ಹೊರಟಿದ್ದ ಅಂತ ಇವತ್ತಿಗೂ ಗೊತ್ತಿಲ್ಲ ಮರಿ," ಎಂದಿದ್ದ. "ಸುಮ್ಮನೆ ಅಂಗಡಿಗೆ ಹೊರಟಿದ್ದರೂ ಹೊರಟಿರಬಹುದು. ಆದ್ರೆ ಅವನು ಟೈಮಿಗೆ ಬಂದಿದ್ದ. ನಾನು ಬಂದಿರಲಿಲ್ಲ."

ಅರವತ್ತಕ್ಕೆ ನಿವೃತ್ತನಾದ. ಮೊದಲ ತಿಂಗಳು ಮನೆಯಲ್ಲಿ ಅಡುಗೆಮನೆಯಿಂದ ಹೊರಬಾಗಿಲಿಗೆ, ಹೊರಬಾಗಿಲಿಂದ ಅಡುಗೆಮನೆಗೆ ತಿರುಗಿದ್ದೇ ತಿರುಗಿದ್ದು. ಪ್ರತಿ ಸಲವೂ ಕೈಗಡಿಯಾರ ನೋಡುವುದು ಬೇರೆ. ಅತ್ತಿಗೆಗೆ ತಲೆ ಕೆಟ್ಟುಹೋಯಿತು. "ಮನೆಯೊಳಗೆ ಟ್ರಿಪ್ ಹೊಡೀಬೇಡಿ. ಹೊಡೆಯೋದಾದ್ರೆ ರಸ್ತೆಗೆ ಹೋಗಿ," ಎಂದು ಶೂ ತಂದು ಮುಂದಿಟ್ಟರು.

ಅವನು ಹೋದ. ಹದಿನಾಲ್ಕನೇ ನಂಬರಿನ ದಾರಿಯಲ್ಲೇ ಹೋದ, ಬೇರೆ ದಾರಿ ಅವನ ಕಾಲಿಗೆ ಗೊತ್ತಿರಲಿಲ್ಲ. ಎರಡು ವಾರ ನಡೆದ. ಆಮೇಲೆ ಒಂದು ದಿನ, ಯಾಕೆಂದು ಕೇಳಿದರೆ ಹೇಳಲಾರ, ಗ್ರಂಥಾಲಯದ ಸ್ಟಾಪಿನಿಂದ ಔಷಧಿ ಅಂಗಡಿಯ ಸ್ಟಾಪಿನವರೆಗೆ ಓಡಿದ. ಎದೆ ಬಾಯಿಗೆ ಬಂತು. ಮಾರನೆಯ ದಿನ ಮತ್ತೆ ಓಡಿದ. ಕ್ರಮೇಣ ಅದು ಒಂದು ಪದ್ಧತಿಯೇ ಆಯಿತು: ಒಂದು ಸ್ಟಾಪು ಓಟ, ಒಂದು ಸ್ಟಾಪು ನಡಿಗೆ. ಕಾಯುತ್ತ ನಿಂತ ಹಳೆಯ ಪ್ರಯಾಣಿಕರಿಗೆ ಅವನ ಗುರುತು ಸಿಕ್ಕದೆ ಇರುತ್ತದೆಯೇ?

"ಏನ್ ಡ್ರೈವರೇ, ಬಸ್ಸು ಕೆಟ್ಟೋಯ್ತಾ? ಇಳಿದು ಓಡ್ತಿದೀರಾ?"

"ಬಸ್ಸು ಹಿಂದೆ ಬರ್ತಿದೆ. ಅದಕ್ಕಿಂತ ಮುಂಚೆ ಹೇಳಿ ಹೋಗೋಣ ಅಂತ ಬಂದೆ."

ಹಿಂದೆ ನಿಜವಾಗಿಯೂ ಮರಿ ಹದಿನಾಲ್ಕನ್ನು ತರುತ್ತಿರುತ್ತಿದ್ದ. ಪಕ್ಕದಲ್ಲಿ ಹಾದುಹೋಗುವಾಗ ಸ್ಟೀರಿಂಗಿನ ಮೇಲಿಂದ ನಾಲ್ಕು ಬೆರಳು ಎತ್ತುವನು. ಎದುರುಬದುರಾದ ಡ್ರೈವರುಗಳು ಒಬ್ಬರಿಗೊಬ್ಬರು ಹಾಗೆ ನಮಸ್ಕಾರ ಹೇಳುತ್ತಾರೆ, ಹೆಬ್ಬೆರಳು ಮಾತ್ರ ಚಕ್ರ ಬಿಡುವುದಿಲ್ಲ. ಟೈಮಣ್ಣನೂ ಓಡುತ್ತಲೇ, ಇಲ್ಲದ ಸ್ಟೀರಿಂಗಿನ ಮೇಲಿಂದ ನಾಲ್ಕು ಬೆರಳು ಎತ್ತುವನು.

ಮರುವರ್ಷ ಊರಿನಲ್ಲಿ ಹತ್ತು ಕಿಲೋಮೀಟರಿನ ರಸ್ತೆ ಓಟ ಏರ್ಪಟ್ಟಿತು. ದಾರಿಯ ಮುಕ್ಕಾಲು ಪಾಲು ಹದಿನಾಲ್ಕರದ್ದೇ. ಟೈಮಣ್ಣ ಯಾರಿಗೂ ಹೇಳದೆ ಹೆಸರು ಕೊಟ್ಟ. ಆ ಓಟಕ್ಕೊಂದು ನಿಯಮವಿತ್ತು. ಒಂದೂವರೆ ಗಂಟೆಯೊಳಗೆ ಮುಗಿಸಬೇಕು. ಎಲ್ಲರ ಹಿಂದೆ ಒಂದು ಬಸ್ಸು ಬರುತ್ತದೆ, ಕಿಲೋಮೀಟರಿಗೆ ಒಂಬತ್ತು ನಿಮಿಷದ ಲೆಕ್ಕದಲ್ಲಿ. ಅದು ಯಾರನ್ನು ಹಿಂದೆ ಹಾಕುತ್ತದೋ ಅವರ ಓಟ ಅಲ್ಲಿಗೆ ಮುಗಿಯಿತು, ಅವರು ಬಸ್ಸು ಹತ್ತಬೇಕು. ಬಸ್ಸಿಗಿಂತ ಮುಂಚೆ ಗೆರೆ ದಾಟಿದವರಿಗೆಲ್ಲ ಒಂದು ಪದಕ.

ಆ ಬಸ್ಸಿನ ಡ್ಯೂಟಿ ಮರಿಗೆ ಬಿತ್ತು. ಡಿಪೋದ ಫಲಕದಲ್ಲಿ ಹಾಕಿದ್ದನ್ನು ಯಾರು ಹೋಗಿ ಟೈಮಣ್ಣನ ಕಿವಿಗೆ ಹಾಕಿದರೋ, ಆ ಸಂಜೆಯೇ ಅವನು ಮರಿಯ ಮನೆಗೆ ಬಂದ. ಕೂರಲಿಲ್ಲ.

"ನಾನು ಓಡ್ತಿದೀನಿ ಭಾನುವಾರ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನಿನ್ನ ಮುಂದೆ."

ಮರಿ ನಗಲು ಹೊರಟ.

"ನೋಡು ಮರಿ. ಮೂವತ್ಮೂರು ವರ್ಷ ಜನ ನನ್ನ ಬಸ್ಸಿಗೆ ಓಡಿ ಬಂದ್ರು. ಒಂದು ಸಲ ನಾನು ಓಡಿ ನೋಡ್ತೀನಿ, ಟೈಮಿಗೆ ಸಿಗ್ತೀನೋ ಇಲ್ವೋ. ನೀನು ಸರಿಯಾದ ಟೈಮಿಗೆ ಬಾ. ನನ್ನ ಮೇಲೆ ಕನಿಕರ ತೋರಿಸಿ ಅರ್ಧ ನಿಮಿಷ ನಿಂತೆ ಅಂತ ಗೊತ್ತಾದ್ರೆ, ನಿನಗೂ ನನಗೂ ಮಾತಿಲ್ಲ."

"ನಿಮ್ಮನ್ನ ಹತ್ತಿಸಿಕೊಳ್ಳಬೇಕಾಗಿ ಬಂದ್ರೆ?"

"ಬಾಗಿಲು ತೆಗಿ, ಹತ್ತುತ್ತೀನಿ. ನಾಚಿಕೆ ಏನು, ಬಸ್ಸು ಹತ್ತೋದಕ್ಕೆ?"

ಭಾನುವಾರ ಬೆಳಗಾಗುವ ಹೊತ್ತಿಗೆ ಆಕಾಶಕ್ಕೆ ತೂತು ಬಿದ್ದಿತ್ತು. ಮಳೆ ನೆಟ್ಟಗೆ ಬೀಳುತ್ತಿರಲಿಲ್ಲ, ಗಾಳಿಗೆ ಸಿಕ್ಕಿ ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಹಾಸಿಗೆಯಿಂದ ಏಳಲೇ ಇಲ್ಲ. ಟೈಮಣ್ಣ ಹಳೆಯ ಖಾಕಿ ಅಂಗಿಯ ಮೇಲೆ, ಅತ್ತಿಗೆ ತಲೆಗೂ ತೋಳಿಗೂ ತೂತು ಕತ್ತರಿಸಿಕೊಟ್ಟ ಪ್ಲಾಸ್ಟಿಕ್ ಚೀಲ ತೊಟ್ಟು ಬಂದಿದ್ದ. ಬಸ್ಸಿನ ಕಡೆ ತಿರುಗಿ ನೋಡಲಿಲ್ಲ. ಏಳು ಗಂಟೆಗೆ ಸೀಟಿ ಊದಿದರು.

ಮರಿಯ ಮುಂದೆ, ಗಾಜಿನ ಕೆಳಗೆ, ಹತ್ತು ಗೆರೆಯ ಒಂದು ಕಾಗದ ಅಂಟಿಸಿತ್ತು. ಒಂದನೇ ಕಿಲೋಮೀಟರು ಏಳು ಒಂಬತ್ತು, ಎರಡನೆಯದು ಏಳು ಹದಿನೆಂಟು, ಹೀಗೆ. ಮೊದಲನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಓಡಿಸುವ ವೇಗ ಅದು. ನಾಲ್ಕನೇ ಕಿಲೋಮೀಟರಿನ ಹೊತ್ತಿಗೆ ಬಸ್ಸಿನಲ್ಲಿ ಆರು ಮಂದಿ, ಆರನೆಯದಕ್ಕೆ ಒಂಬತ್ತು ಮಂದಿ. ಎಲ್ಲರೂ ತೊಪ್ಪೆಯಾಗಿ, ಹಬೆಯಾಡುತ್ತ, ಗಾಜಿಗೆಲ್ಲ ಮಂಜು ಹಿಡಿಸಿದರು. ಮುಂದೆ ಕಣ್ಣಿಗೆ ಕಾಣುವಂತೆ ಉಳಿದವನು ಒಬ್ಬನೇ. ವೈಪರು ಒಮ್ಮೆ ಆ ಕಡೆ ಹೋದರೆ ಪ್ಲಾಸ್ಟಿಕ್ ಚೀಲ ಕಾಣಿಸುವುದು, ಈ ಕಡೆ ಬಂದರೆ ಮಾಯ.

"ಮುಂದಿರೋದು ಯಾರು, ಗೊತ್ತಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಈ ಬಸ್ಸಿನ ಡ್ರೈವರು," ಎಂದ ಮರಿ.

ಸೇತುವೆಯ ಮೇಲೆ ಗಾಳಿ ಟೈಮಣ್ಣನನ್ನು ಅಕ್ಷರಶಃ ನಿಲ್ಲಿಸಿತು. ಚೀಲ ಗಾಳಿ ತುಂಬಿಕೊಂಡು ಹಿಂದಕ್ಕೆ ಎಳೆಯಿತು. ಅವನು ಅದನ್ನು ಹರಿದು ತೆಗೆದು, ಮುದುರಿ ಜೇಬಿಗೆ ತುರುಕಿಕೊಂಡು, ತಲೆ ಬಗ್ಗಿಸಿ ಮತ್ತೆ ಹೊರಟ. ಮೊದಲಿದ್ದ ನೂರು ಮಾರು ಅಂತರ ಮೂವತ್ತಕ್ಕೆ ಇಳಿಯಿತು. ಏಳನೇ ಕಿಲೋಮೀಟರಿನ ಫಲಕವನ್ನು ಬಸ್ಸು ಎಂಟು ಮೂರಕ್ಕೆ ದಾಟಿತು, ಕಾಗದದಲ್ಲಿ ಇದ್ದ ಹಾಗೆಯೇ. ಮರಿಗೆ ಲೆಕ್ಕ ಸ್ಪಷ್ಟವಾಗಿತ್ತು. ಹೀಗೇ ಹೋದರೆ ಒಂಬತ್ತನೇ ಕಿಲೋಮೀಟರಿನ ಆಚೆ ಎಲ್ಲೋ ಬಾಗಿಲು ತೆರೆಯಬೇಕಾಗುತ್ತದೆ.

ಗ್ರಂಥಾಲಯದ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದಳು.

ಮರಿ ನಿಲ್ಲಿಸಿದ. ಎಡಕ್ಕೆ ಸರಿದು, ಫುಟ್‌ಪಾತಿನ ಅಂಚಿಗೆ ಸರಿಯಾಗಿ ಬಾಗಿಲು ಬರುವಂತೆ ನಿಲ್ಲಿಸಿ, ಬಾಗಿಲು ತೆರೆದ. ಇಪ್ಪತ್ತು ವರ್ಷ ಅದೇ ಜಾಗದಲ್ಲಿ ಕೈ ಕಂಡಾಗಲೆಲ್ಲ ಮಾಡಿದ್ದನ್ನು ಮಾಡಿದ. ಅಜ್ಜಿ ಮೊದಲು ಗಾಲಿ ಚೀಲವನ್ನು ಎತ್ತಿಟ್ಟಳು, ಆಮೇಲೆ ತಲೆಕೆಳಗಾದ ಕೊಡೆಯನ್ನು ಸರಿಮಾಡಿ ಮಡಚಿದಳು, ಆಮೇಲೆ ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ.

"ಹದಿನಾಲ್ಕು ತಾನೆ ಇದು?"

ಆಗ ಮರಿಗೆ ಎಚ್ಚರವಾಯಿತು. ಓಟಕ್ಕಾಗಿ ಆ ಬೆಳಿಗ್ಗೆ ಹದಿನಾಲ್ಕನ್ನು ನಿಲ್ಲಿಸಿದ್ದರು. ಹಾಗೆಂದು ಸ್ಟಾಪಿನಲ್ಲಿ ಅಂಟಿಸಿದ್ದ ಚೀಟಿ ಮಳೆಗೆ ನೆನೆದು ಮುದ್ದೆಯಾಗಿ ನೆಲಕ್ಕೆ ಬಿದ್ದಿತ್ತು. ಹತ್ತಿದವಳನ್ನು ಮಳೆಗೆ ಇಳಿಸುವುದು ಹೇಗೆ? "ಕೂತ್ಕೊಳ್ಳಿ ಅಜ್ಜಿ, ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು, ಅವಳು ಕೂರುವವರೆಗೂ ಕಾದು, ಬಸ್ಸು ತೆಗೆದ. ಬಸ್ಸಿನೊಳಗೆಲ್ಲ ನಗುವೋ ನಗು. ಎರಡು ನಿಮಿಷದ ಮೇಲೆ ಹತ್ತು ಸೆಕೆಂಡು ಹೋಗಿತ್ತು.

ಆ ಎರಡು ನಿಮಿಷವನ್ನು ಹಿಂದಕ್ಕೆ ಹಿಡಿಯುವುದು ಬಸ್ಸಿಗೆ ಕಷ್ಟವೇನಲ್ಲ. ಎರಡನೇ ಗೇರಿಗೆ ಹಾಕಿ ಒಂದಿಷ್ಟು ಕಾಲು ಒತ್ತಿದ್ದರೆ ಎಂಟನೇ ಫಲಕಕ್ಕೇ ಸರಿಹೋಗುತ್ತಿತ್ತು. ಆದರೆ ಟೈಮಣ್ಣನೇ ಮರಿಗೆ ಮೊದಲ ವಾರ ಹೇಳಿಕೊಟ್ಟ ಪಾಠ ಒಂದಿತ್ತು: ಮಳೆಯಲ್ಲಿ ಕಳೆದ ಟೈಮನ್ನು ಅಟ್ಟಿಸಿಕೊಂಡು ಹೋಗಬಾರದು, ತಡವಾದದ್ದು ತಡವಾಯಿತು. ಮರಿ ಅಟ್ಟಿಸಿಕೊಂಡು ಹೋಗಲಿಲ್ಲ. ನಿಲ್ಲಿಸಿದ್ದು ಅಭ್ಯಾಸ, ಅದರಲ್ಲಿ ಅವನಿಗೆ ಅನುಮಾನವಿಲ್ಲ. ಆಮೇಲೆ ಗೇರು ಬದಲಿಸದೇ ಇದ್ದದ್ದು ಪಾಠವೋ ಪ್ರೀತಿಯೋ ಎಂದು ಈಗ ಎಷ್ಟು ಕೆದಕಿ ನೋಡಿದರೂ ಅವನಿಗೆ ತಿಳಿಯುವುದಿಲ್ಲ.

"ಇಷ್ಟು ನಿಧಾನಕ್ಕೆ ಹೋಗೋದಾದ್ರೆ ನಡ್ಕೊಂಡೇ ಹೋಗ್ತಿದ್ದೆನಲ್ಲಪ್ಪಾ," ಎಂದಳು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, ಕತ್ತು ಚಾಚಿ ನೋಡಿ, "ಮುಂದೆ ಯಾರೋ ಅಡ್ಡ ಓಡ್ತಿದಾನೆ. ಹಾರ್ನ್ ಹೊಡಿಯಬಾರದಾ?"

ಟೈಮಣ್ಣ ಡಿಪೋದ ಗೇಟಿನ ಮುಂದಿನ ಗೆರೆ ದಾಟಿದಾಗ ಅವನ ಕೈಗಡಿಯಾರದಲ್ಲಿ ಎಂಟು ಮೂವತ್ತೊಂದು. ಬಸ್ಸು ಒಂದು ನಿಮಿಷದ ಮೇಲೆ ಬಂತು. ಅಷ್ಟರಲ್ಲಿ ಯಾರೋ ಅವನ ಕೊರಳಿಗೆ ಪದಕ ಹಾಕಿ, ಬೆನ್ನು ತಟ್ಟಿ, ಮಳೆಯಿಂದ ತಪ್ಪಿಸಿಕೊಳ್ಳಲು ಓಡಿಹೋಗಿದ್ದರು. ಅವನು ಕುಂಟುತ್ತ ಬಂದು ಡ್ರೈವರಿನ ಕಿಟಕಿಯ ಕೆಳಗೆ ನಿಂತ. ತುಟಿ ನೀಲಿಗಟ್ಟಿತ್ತು.

"ಎರಡು ನಿಮಿಷ."

"ಒಬ್ಬ ಅಜ್ಜಿ ಕೈ ತೋರಿಸಿದ್ರು ಅಣ್ಣ. ಕೈ ಕಂಡ ತಕ್ಷಣ ಕಾಲು ಬ್ರೇಕಿಗೆ ಹೋಯ್ತು. ದೇವರಾಣೆ."

ಟೈಮಣ್ಣ ಹಿಂದೆ ಕೂತ ಅಜ್ಜಿಯನ್ನು, ಅವಳ ಗಾಲಿ ಚೀಲವನ್ನು ನೋಡಿದ. "ಹತ್ತಿಸಿಕೊಂಡಿದ್ದು ಒಳ್ಳೇದಾಯ್ತು," ಎಂದ, ನಿಜವಾಗಿಯೇ ಎಂದ. ಆಮೇಲೆ ಬಾಗಿಲ ಬಳಿ ಬಂದು ಬಸ್ಸು ಹತ್ತಿದ. ಓಟ ಮುಗಿಸಲಾಗದ ಒಂಬತ್ತು ಮಂದಿಯ ಹಿಂದೆ, ಕೊನೆಯ ಸೀಟಿನಲ್ಲಿ ಕೂತ. ಯಾರೋ ಚಪ್ಪಾಳೆ ತಟ್ಟಿದರು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

ಬಸ್ಸು ಡಿಪೋದೊಳಗೆ ಹೋಗಿ ನಿಂತು ಎಲ್ಲರೂ ಇಳಿದ ಮೇಲೆ ಮರಿ ವಾಡಿಕೆಯಂತೆ ಸೀಟುಗಳನ್ನು ನೋಡುತ್ತ ಹಿಂದಕ್ಕೆ ಹೋದ. ಕೊನೆಯ ಸೀಟಿನ ಮೇಲೆ ಪದಕ ಇತ್ತು, ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ಕೆಳಗಿಳಿದು ಓಡಿ ಟೈಮಣ್ಣನನ್ನು ಗೇಟಿನಲ್ಲಿ ಹಿಡಿದ.

"ಇದನ್ನ ಬಿಟ್ಟು ಬಂದಿದೀರಿ."

"ಬಸ್ಸಲ್ಲಿ ಸಿಕ್ಕಿದ್ದು ಎಲ್ಲಿಗೆ ಹೋಗಬೇಕು?"

"ಅಣ್ಣ, ತಮಾಷೆ ಸಾಕು."

"ಮೂವತ್ಮೂರು ವರ್ಷ ನಾನು ಒಂದು ಕರ್ಚೀಫನ್ನೂ ಮನೆಗೆ ಒಯ್ದವನಲ್ಲ. ಕೊಡಬೇಕಾದ ಕಡೆ ಕೊಡು."

ಹೀಗೆ ಆ ಪದಕ ಕಳೆದ ವಸ್ತುಗಳ ಕೋಣೆಯ ಕಪಾಟು ಸೇರಿತು. ಒಂದು ಪಕ್ಕದಲ್ಲಿ ಹನ್ನೊಂದು ಕೊಡೆ, ಇನ್ನೊಂದು ಪಕ್ಕದಲ್ಲಿ ಯಾರದೋ ಹಲ್ಲುಸೆಟ್ಟು. ಕೋಣೆಯ ಗುಮಾಸ್ತೆ ಚೀಟಿ ಬರೆದು ಕಟ್ಟಿದಳು. "ಮಾಲೀಕರು ಯಾರು ಅಂತ ಬರೀಲಿ?" ಎಂದು ಕೇಳಿದಳು. ಊರಿಗೆಲ್ಲ ಗೊತ್ತಿತ್ತು. "ಗೊತ್ತಿಲ್ಲ ಅಂತ ಬರೀರಿ," ಎಂದ ಮರಿ. ಅಲ್ಲಿಯ ನಿಯಮದಂತೆ ವಸ್ತುಗಳನ್ನು ಒಂದು ವರ್ಷ ಇಡುತ್ತಾರೆ. ಆಮೇಲೆ ವಿಲೇವಾರಿ.

ಒಂದು ವಾರ ಟೈಮಣ್ಣ ಮನೆ ಬಿಡಲಿಲ್ಲ. ಇಬ್ಬರ ಮಾತು ನಿಂತೇಹೋಯಿತು ಎಂದು ಮರಿ ಅಂದುಕೊಂಡಿದ್ದ. ಎಂಟನೆಯ ದಿನ ಔಷಧಿ ಅಂಗಡಿಯ ಮುಂದೆ ಪರಿಚಿತ ಬೆನ್ನು ಕಂಡಿತು. ಪಕ್ಕಕ್ಕೆ ಬಂದಾಗ ಮರಿ ಹೆದರುತ್ತಲೇ ನಾಲ್ಕು ಬೆರಳು ಎತ್ತಿದ. ಅತ್ತ ಕಡೆಯಿಂದಲೂ ನಾಲ್ಕು ಬೆರಳು ಎದ್ದವು.

"ಅದು ನನ್ನದಾಗಬೇಕು ಅಂದ್ರೆ ಮತ್ತೆ ಓಡಬೇಕು," ಎಂದು ಟೈಮಣ್ಣ ಆ ಸಂಜೆ ಲೆಕ್ಕ ಒಪ್ಪಿಸಿದ. "ಅದೇ ದಾರಿ. ಹಿಂದೆ ನೀನು. ಅದೇ ಕಾಗದ."

"ನನಗೆ ಗುರುವಾರ ರಜೆ. ಬರೋ ಗುರುವಾರ ಓಡೋಣ."

"ಮಳೆ ಬರಲಿ."

"ಏನು?"

"ಬಿಸಿಲಲ್ಲಿ ಓಡಿದ್ರೆ ಅದು ಬೇರೆ ಓಟ. ಅವತ್ತು ಮಳೆ ಇತ್ತು."

ಅತ್ತಿಗೆ ಒಳಗಿನಿಂದ ಕೇಳಿಸಿಕೊಂಡು, "ಇವರಿಗೆ ಹುಚ್ಚು ಹಿಡಿದಿರೋದು ಗೊತ್ತಿತ್ತು, ನಿನಗೂ ಅಂಟಿತಾ ಮರಿ?" ಎಂದರು.

ಹನ್ನೊಂದು ತಿಂಗಳು ಕಾದರು. ಮಳೆ ಸೋಮವಾರ ಬಂತು, ಶನಿವಾರ ಬಂತು, ಬುಧವಾರ ರಾತ್ರಿಯಿಡೀ ಸುರಿದು ಗುರುವಾರ ಬೆಳಗ್ಗೆ ಏಳಕ್ಕೆ ಸರಿಯಾಗಿ ನಿಂತಿತು. ಎರಡು ಸಲ ಗುರುವಾರ ಮಳೆಯಿತ್ತು, ಆದರೆ ಯಾರೋ ಡ್ರೈವರು ಕಾಯಿಲೆ ಬಿದ್ದು ಮರಿಯ ರಜೆ ಹೋಯಿತು. ಟೈಮಣ್ಣ ದಿನವೂ ಓಡುತ್ತಿದ್ದ. ಈಗ ಮೂರು ಸ್ಟಾಪು ಓಟ, ಒಂದು ಸ್ಟಾಪು ನಡಿಗೆ. ಹೊಟ್ಟೆ ಕರಗಿ ಖಾಕಿ ಅಂಗಿ ಜೋತುಬಿತ್ತು. ಗುಮಾಸ್ತೆ ಗೇಟಿನಲ್ಲಿ ಸಿಕ್ಕಾಗಲೆಲ್ಲ ಕಿಚಾಯಿಸುವಳು: "ಇನ್ನು ನಾಲ್ಕು ವಾರ ಅಷ್ಟೇ. ಆಮೇಲೆ ಹಲ್ಲುಸೆಟ್ಟಿನ ಜೊತೆ ನಿಮ್ಮ ಪದಕನೂ ಗುಜರಿಗೆ."

ಈ ಗುರುವಾರ ಬೆಳಿಗ್ಗೆ ಆರಕ್ಕೆ ಮರಿಯ ಕಿಟಕಿಗೆ ಮಳೆ ಬಡಿಯಿತು. ಬಾಗಿಲು ತೆರೆದರೆ ಟೈಮಣ್ಣ ಶೂ ಕಟ್ಟಿಕೊಂಡೇ ನಿಂತಿದ್ದ, ಮದುವೆಗೆ ಹೊರಟವನ ಮುಖ ಹೊತ್ತು.

ಬಸ್ಸಿಲ್ಲ, ಆದ್ದರಿಂದ ಮರಿ ಸೈಕಲ್ಲಿನಲ್ಲಿ. ಅದೇ ಹತ್ತು ಗೆರೆಯ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹ್ಯಾಂಡಲಿಗೆ ಕಟ್ಟಿದ್ದ. ಏಳಕ್ಕೆ ಹೊರಟರು. ಅಷ್ಟು ನಿಧಾನಕ್ಕೆ ಸೈಕಲ್ಲು ತುಳಿಯುವುದು ಓಡುವುದಕ್ಕಿಂತ ಕಷ್ಟ, ಮರಿ ಎರಡು ಸಲ ಚರಂಡಿಗೆ ಬೀಳುವುದರಲ್ಲಿದ್ದ. ಟೈಮಣ್ಣ ಹಿಂದಿರುಗಿ ನೋಡಲಿಲ್ಲ. ಸೇತುವೆಯ ಮೇಲೆ ಗಾಳಿ ಇತ್ತು, ಅವತ್ತಿನಷ್ಟಿರಲಿಲ್ಲ. ಗ್ರಂಥಾಲಯದ ಸ್ಟಾಪಿನಲ್ಲಿ ಮೂವರು ಕಾಯುತ್ತಿದ್ದರು. ಮರಿ ಬ್ರೇಕಿನ ಮೇಲಿಂದ ಬೆರಳು ತೆಗೆದ. ಅವರು ಕೈ ತೋರಿಸಿದ್ದು ಹಿಂದಿನಿಂದ ಬರುತ್ತಿದ್ದ ನಿಜವಾದ ಹದಿನಾಲ್ಕಕ್ಕೆ. ಬಸ್ಸು ಅವರನ್ನು ಹತ್ತಿಸಿಕೊಂಡು ಇಬ್ಬರನ್ನೂ ದಾಟಿ ಹೋಯಿತು. ಡ್ರೈವರು ನಾಲ್ಕು ಬೆರಳು ಎತ್ತಿದ. ಟೈಮಣ್ಣನಿಗೆ ಕೈ ಎತ್ತುವಷ್ಟು ಉಸಿರಿರಲಿಲ್ಲ, ತಲೆ ಅಲ್ಲಾಡಿಸಿದ.

ಮರಿ ಎಲ್ಲೂ ನಿಲ್ಲಲಿಲ್ಲ. ಹತ್ತನೇ ಗೆರೆ ಡಿಪೋದ ಗೇಟು. ಟೈಮಣ್ಣ ಅದನ್ನು ಮುಟ್ಟಿ, ಕಂಬ ಹಿಡಿದು ಬಗ್ಗಿ ನಿಂತಾಗ ಎಂಟು ಇಪ್ಪತ್ತೆಂಟೂವರೆ. ಮರಿ ಸರಿಯಾಗಿ ಎಂಟೂವರೆಗೆ ಬಂದು ಬ್ರೇಕು ಒತ್ತಿದ.

"ಟೈಮಿಗೆ ಬಂದೆ," ಎಂದ ಟೈಮಣ್ಣ. ತನಗೆ ಹೇಳಿಕೊಂಡನೋ ಮರಿಗೆ ಹೇಳಿದನೋ.

ಕಳೆದ ವಸ್ತುಗಳ ಕೋಣೆ ತೆರೆಯುವುದು ಒಂಬತ್ತಕ್ಕೆ. ಇಬ್ಬರೂ ಬೆಂಚಿನ ಮೇಲೆ ಕೂತು ಕಾದರು. ಮರಿ ಕ್ಯಾಂಟೀನಿನಿಂದ ಚಹಾ ತಂದ. ಟೈಮಣ್ಣ ಅರ್ಧ ಕುಡಿದು ಲೋಟವನ್ನು ಪಕ್ಕಕ್ಕಿಟ್ಟು, ಎಡಗೈಯನ್ನು ಮೊಣಕೈಯಿಂದ ಕೆಳಕ್ಕೆ ತಿಕ್ಕಿಕೊಳ್ಳುತ್ತಿದ್ದ. ಚಳಿಗೆ ಎಂದುಕೊಂಡ ಮರಿ. ತನ್ನ ಸ್ವೆಟರು ಬಿಚ್ಚಿ ಅವನ ಹೆಗಲಿಗೆ ಹೊದಿಸಿದ. ಬೇರೆ ಏನೂ ಮಾಡಲಿಲ್ಲ, ಮಾಡಬೇಕೆಂದು ಹೊಳೆಯಲೂ ಇಲ್ಲ.

ಗುಮಾಸ್ತೆ ಒಂಬತ್ತು ದಾಟಿದ ಮೇಲೆ ಕೊಡೆ ಕೊಡವುತ್ತ ಬಂದಳು.

"ಒಂಬತ್ತು ನಿಮಿಷ ಲೇಟು," ಎಂದ ಟೈಮಣ್ಣ.

"ಮಳೆ ಸಾರ್."

"ಮಳೆಗೆ ಟೈಮು ಗೊತ್ತಿಲ್ಲ, ನಿಮಗೆ ಗೊತ್ತಲ್ಲ."

ಅವಳು ನಕ್ಕು, ಬೀಗ ತೆರೆದು, ಏನು ಎಂದು ಕೇಳದೆಯೇ ಪದಕ ತಂದು ಕಿಟಕಿಯ ಮೂಲಕ ಕೊಟ್ಟಳು. ಅವನು ತೆಗೆದುಕೊಳ್ಳಲಿಲ್ಲ. "ಮೊದಲು ಗುರುತು ಕೇಳಬೇಕು ನೀವು," ಎಂದ. ಅವಳು ಗುರುತು ಕೇಳಿದಳು. ನೀಲಿ ಪಟ್ಟಿ, ಒಂದು ತುದಿಯಲ್ಲಿ ನೂಲು ಬಿಟ್ಟಿದೆ ಎಂದು ಹೇಳಿದ. ಆಮೇಲೆ ಪದಕ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ರಿಜಿಸ್ಟರನ್ನೂ ಅವಳ ಪೆನ್ನನ್ನೂ ಕೇಳಿ ತೆಗೆದುಕೊಂಡು, ನಿಂತು ಬರೆಯಲಾಗದೆ, ಬೆಂಚಿಗೆ ಬಂದು ತೊಡೆಯ ಮೇಲಿಟ್ಟುಕೊಂಡು ಕೂತ.

ಎಲ್ಲಿ ಕಳೆದದ್ದು ಎಂಬಲ್ಲಿ, ಕೊನೆಯ ಸೀಟು ಎಂದು ಬರೆದ. ವಾರಸುದಾರ ಎಂಬಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ. ಸಹಿ ಮಾಡಿದ. ಪಡೆದ ವೇಳೆ ಎಂಬ ಮನೆಯ ಹತ್ತಿರ ಪೆನ್ನು ನಿಂತಿತು. ಕೋಣೆಯ ಗೋಡೆ ಗಡಿಯಾರ ಒಂಬತ್ತು ಹದಿನೈದು ತೋರಿಸುತ್ತಿತ್ತು. ಟೈಮಣ್ಣ ಅದನ್ನು ನೋಡಿ, ತನ್ನ ಕೈಗಡಿಯಾರ ನೋಡಿ, ಒಂಬತ್ತು ಹದಿಮೂರು ಎಂದು ಬರೆದ. ಪೆನ್ನಿನ ಮುಚ್ಚಳ ಹಾಕಿ, ಅವಳಿಗೆ ಹಿಂದಿರುಗಿಸಲು ಕೈ ಚಾಚಿದ.